ಬಟ್ಟೆಯ ರಸ್ತೆಗೊಂದು ಬ್ರೇಕು

ನನ್ನ ಬಲಗಾಲಿಗೆ ಒಂದು ಚಾಳಿ ಇದೆ. ಮೊಮ್ಮಗಳು ಸೃಷ್ಟಿ ಟಿವಿಗೆ ಅದೇನೋ ಪೆಟ್ಟಿಗೆ ಜೋಡಿಸಿಕೊಂಡು ಕಾರು ಓಡಿಸುವ ಆಟಕ್ಕೆ ಕುಳಿತಳೆಂದರೆ, ಪಕ್ಕದ ಕುರ್ಚಿಯಲ್ಲಿ ಹೀರೇಕಾಯಿ ಹೆರೆಯುತ್ತ ಕುಳಿತ ನನ್ನ ಕಾಲು ತಾನಾಗಿಯೇ ನೆಲವನ್ನು ಒತ್ತುತ್ತದೆ. ಪರದೆಯ ಮೇಲೆ ತಿರುವು ಬಂದರೆ ಒತ್ತುತ್ತದೆ, ಎದುರಿಗೆ ಗಾಡಿ ಬಂದರೆ ಇನ್ನೂ ಬಲವಾಗಿ ಒತ್ತುತ್ತದೆ. ನಾನು ಜನ್ಮದಲ್ಲಿ ಸೈಕಲ್ಲನ್ನೂ ಓಡಿಸಿದವಳಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದವಳು. ತುಳಿದದ್ದೇನಿದ್ದರೂ ಹೊಲಿಗೆ ಯಂತ್ರದ ಪೆಡಲು. ಆದರೂ ಈ ಕಾಲಿಗೆ ಬ್ರೇಕು ಬೇಕು.

"ಆಯಿ, ಸಾವಕಾಶ ಒತ್ತು, ಫರಸಿ ಒಡದೀತು," ಎಂದು ಸೃಷ್ಟಿ ಪರದೆಯಿಂದ ಕಣ್ಣು ತೆಗೆಯದೆ ಚೇಷ್ಟೆ ಮಾಡುತ್ತಾಳೆ. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ಮುಂದಿನ ತಿರುವಿಗೆ ಅದು ಮತ್ತೆ ತನ್ನ ಜಾಗಕ್ಕೆ ಬಂದಿರುತ್ತದೆ.

ಮೊನ್ನೆ ಅವಳು ಆಟ ಹಚ್ಚದೆ ಮೊಬೈಲು ಹಿಡಿದು ಸಪ್ಪಗೆ ಕುಳಿತಿದ್ದಳು. ಕಾಲೇಜಿನಲ್ಲಿ ಯಾರಿಗೋ ಏನೋ ಆಗಿರಬೇಕು ಎಂದು ಹೆದರಿದೆ. ಕೇಳಿದರೆ, "ಈ ಆಟ ಮಾಡಿದ ಕಂಪನಿ ಬಂದ್ ಆತ ಆಯಿ. ಜಪಾನಿನೊಳಗ," ಎಂದಳು. ಕಣ್ಣು ಒದ್ದೆಯಾಗಿತ್ತು. ಜಪಾನಿನ ಕಂಪನಿಗಾಗಿ ವಿಜಯಪುರದ ಹುಡುಗಿ ಅಳುವುದನ್ನು ನೋಡಿ ನಗು ಬಂತು. ಆದರೆ ನಗಲಿಲ್ಲ. ನಾನೂ ಒಂದು ಕಾಲದಲ್ಲಿ ಹರಿದ ಬಟ್ಟೆಯೊಂದಕ್ಕಾಗಿ ಅತ್ತವಳು.

ಚಹಾ ಮಾಡಿಕೊಟ್ಟೆ. ಅವಳು ಚಹಾ ಕುಡಿಯುತ್ತ ಆ ಕಂಪನಿಯ ಚರಿತ್ರೆ ಓದಿ ಹೇಳಿದಳು. ಚರಿತ್ರೆ ಎಂದರೆ ಸುಲ್ತಾನರು, ಗುಮ್ಮಟಗಳು, ತೋಪು ಎಂದು ನಂಬಿ ಬೆಳೆದ ಊರು ನಮ್ಮದು. ಆಟಿಕೆ ಮಾಡುವವರಿಗೂ ಚರಿತ್ರೆ ಇರುತ್ತದೆ ಎಂಬುದು ನನಗೆ ಹೊಸದು. ಇಬ್ಬರು ಗೆಳೆಯರಂತೆ. ಎಪ್ಪತ್ತರ ದಶಕದಲ್ಲಿ ಸಾರ್ವಜನಿಕ ಸ್ನಾನದ ಮನೆಯೊಂದರ ಹಿಂದೆ ಬಾಡಿಗೆ ಕೋಣೆ ಹಿಡಿದು, ದೊಡ್ಡ ಅಂಗಡಿಗಳ ಮಾಳಿಗೆಯ ಮೇಲೆ ಮಕ್ಕಳಿಗಾಗಿ ಇಟ್ಟಿರುತ್ತಿದ್ದ ಆಟದ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದರಂತೆ. ರಿಪೇರಿ ಮಾಡುತ್ತ ಮಾಡುತ್ತ ತಾವೇ ಒಂದು ಯಂತ್ರ ಕಟ್ಟಿದರು. ಅದರಲ್ಲಿ ಪರದೆಯೂ ಇಲ್ಲ, ಕಂಪ್ಯೂಟರೂ ಇಲ್ಲ. ಪೆಟ್ಟಿಗೆಯೊಳಗೆ ರಸ್ತೆ ಬರೆದ ಪಟ್ಟಿ ಗರಗರ ತಿರುಗುತ್ತದೆ, ಅದರ ಮೇಲೆ ತಗಡಿನ ಕಾರು, ಮುಂದೆ ಕುಳಿತವನ ಕೈಯಲ್ಲಿ ಚಕ್ರ. ಆಮೇಲೆ ಪರದೆಗಳ ಕಾಲ ಬಂತು, ಪಟ್ಟಿಗಳು ಮೂಲೆಗೆ ಬಿದ್ದವು. ಅವರು ಅದನ್ನೂ ಕಲಿತರು, ಬೆಳೆದರು, ಹೆಸರು ಬದಲಿಸಿದರು. ಯಾರೋ ದೊಡ್ಡವರು ಕೊಂಡರು. ಈಗ ಬೀಗ ಹಾಕಿದ್ದಾರೆ. ಮೊದಲ ಯಂತ್ರ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲವಂತೆ. ಒಂದು ಫೋಟೋ ಮಾತ್ರ ಉಳಿದಿದೆ.

ಆ ಫೋಟೋ ತೋರಿಸಿದಳು. ಕಪ್ಪು ಬಿಳುಪು. ತೆಳ್ಳಗಿನ ಇಬ್ಬರು, ನಡುವೆ ಕಪಾಟಿನಷ್ಟು ಪೆಟ್ಟಿಗೆ, ಅದಕ್ಕೊಂದು ಚಕ್ರ. ನಾನು ಕನ್ನಡಕ ಏರಿಸಿ ಪೆಟ್ಟಿಗೆಯ ಕೆಳಭಾಗ ನೋಡಿದೆ.

"ಇದಕ್ಕ ಬ್ರೇಕ್ ಇಲ್ಲ," ಎಂದೆ.

"ನಿನಗ ಹೆಂಗ ಗೊತ್ತ?" ಎಂದು ಸೃಷ್ಟಿ ಚಹಾದ ಕಪ್ಪು ಕೆಳಗಿಟ್ಟಳು.

ನನಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು? ಅದೇ ಕಾಲದಲ್ಲಿ, ಗೋಳಗುಮ್ಮಟದ ಬಳಿಯ ಒಂದು ಕೋಣೆಯಲ್ಲಿ, ಇಬ್ಬರು ಗೆಳೆಯರು ಅಂಥದ್ದೇ ಪೆಟ್ಟಿಗೆ ಕಟ್ಟಿದ್ದರು. ಅವರ ಚರಿತ್ರೆಯನ್ನು ಯಾರೂ ಬರೆದಿಲ್ಲ, ಫೋಟೋ ಕೂಡ ತೆಗೆದಿಲ್ಲ. ಆದ್ದರಿಂದ ಕೇಳುವವರು ಸಿಕ್ಕಾಗ ನಾನೇ ಹೇಳಬೇಕಾಗುತ್ತದೆ. ಅವತ್ತು ಸೃಷ್ಟಿಗೆ ಹೇಳಿದೆ. ಈಗ ನೀವೂ ಸಿಕ್ಕಿದ್ದೀರಿ, ಕುಳಿತುಕೊಳ್ಳಿ.

ಮೊದಲು ನಮ್ಮ ಅಪ್ಪನ ಮಾತು ಹೇಳಬೇಕು, ಯಾಕೆಂದರೆ ಈ ಕಾಲು ಅವನದು. ಅಪ್ಪ ಸಾವಕಾರರೊಬ್ಬರ ಲಾರಿಯ ಡ್ರೈವರ್. ಆಗ ಊರಿಗೆ ಬಿಜಾಪುರ ಎಂದು ಹೆಸರು, ನಮ್ಮ ಬಾಯಲ್ಲಿ ವಿಜಾಪೂರ. ಹಳ್ಳಿಗಳಿಂದ ಹತ್ತಿ ತುಂಬಿಕೊಂಡು ಊರಿಗೆ ಬರುವುದು, ಊರಿನಿಂದ ಕಿರಾಣಿ ತುಂಬಿಕೊಂಡು ಹಳ್ಳಿಗೆ ಹೋಗುವುದು. ಹೋಗುವಾಗ ತಿಕೋಟಾ, ಅಲ್ಲಿಂದ ಅಡ್ಡದಾರಿಯಲ್ಲಿ ಬಬಲೇಶ್ವರ, ಮತ್ತೆ ಊರು. ಅಪ್ಪನ ಲೋಕ ಈ ಮೂರು ಮೂಲೆಯದು. ಹಾಡು ಹೇಳುತ್ತ ಬರುತ್ತಿದ್ದ. ಲಾರಿ ಓಣಿಗೆ ತಿರುಗುವ ಮೊದಲೇ ಹಾಡು ಕೇಳಿಸಿ ಅವ್ವ ರೊಟ್ಟಿಯ ಹೆಂಚು ಇಡುತ್ತಿದ್ದಳು.

ತಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯಲ್ಲಿ ಒಂದು ಆಲದ ಮರ, ಮರದ ಬಳಿ ತಿರುವು. ಒಂದು ಮಧ್ಯಾಹ್ನ ಅಲ್ಲಿ ಆಡಿನ ಮರಿಯ ಬೆನ್ನು ಹತ್ತಿ ಸಣ್ಣ ಹುಡುಗಿಯೊಬ್ಬಳು ಮರದ ಮರೆಯಿಂದ ರಸ್ತೆಗೆ ಓಡಿ ಬಂದಳು. ಅಪ್ಪ ಬ್ರೇಕು ಒತ್ತಿದ. ಬ್ರೇಕು ಹತ್ತಿತು, ಲಾರಿ ನಿಂತಿತು. ಆದರೆ ತುಸು ತಡವಾಗಿ ನಿಂತಿತು.

ಕೋರ್ಟು ಅಪ್ಪನ ತಪ್ಪಿಲ್ಲವೆಂದಿತು. ಆ ಹುಡುಗಿಯ ಹಳ್ಳಿಯ ಹಿರಿಯರೂ ಹಾಗೆಯೇ ಸಾಕ್ಷಿ ಹೇಳಿದರು. ಒಪ್ಪದೆ ಉಳಿದವನು ಅಪ್ಪ ಒಬ್ಬನೇ. ಲಾರಿಯ ಕೀಲಿ ಸಾವಕಾರರ ಮನೆಗೆ ಒಪ್ಪಿಸಿ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತುಬಿಟ್ಟ. ಹಾಡು ನಿಂತಿತು, ಮಾತೂ ಹೆಚ್ಚುಕಡಿಮೆ ನಿಂತಿತು. ಹೂಂ, ಉಹೂಂ, ನೀರು, ಸಾಕು, ಅಷ್ಟೆ. ಓಣಿಯಲ್ಲಿ ಯಾವ ಕೂಸು ಓಡಿದರೂ ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಒರಟು ಕಲ್ಲಿಗೆ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಅವ್ವ ಗೋಣಿಚೀಲ ಮಡಿಚಿ ಕಾಲ ಕೆಳಗೆ ಹಾಸುತ್ತಿದ್ದಳು.

"ಹಿಂಗ ಕುಂತ ಕುಂತ ಮಣ್ಣಾಗ್ತಾನ ಇಂವ. ಒಮ್ಮೆ ನನ್ನ ಬೈದರೂ ಸಾಕಿತ್ತ, ಜೀವ ಐತೆಂತ ತಿಳಿತಿತ್ತ," ಎಂದು ಅವಳು ನನ್ನೆದುರು ಅಳುತ್ತಿದ್ದಳು. ಅವ್ವನಿಗೆ ಬೇಕಾದದ್ದು ಅಷ್ಟೇ, ಅಪ್ಪ ಆ ಕಟ್ಟೆಯಿಂದ ಏಳಬೇಕು. ಹರಕೆ ಹೊತ್ತಳು, ಉಪವಾಸ ಮಾಡಿದಳು, ಬಂದ ಬಂದವರಿಂದ ಬುದ್ಧಿ ಹೇಳಿಸಿದಳು. ಅಪ್ಪ ಏಳಲಿಲ್ಲ.

ಇನ್ನು ಆ ಇಬ್ಬರು ಗೆಳೆಯರು. ಒಬ್ಬ ನನ್ನ ಅಣ್ಣ ಬಸವರಾಜ. ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಗೋಳಗುಮ್ಮಟದ ಎದುರಿನ ಸಣ್ಣ ಅಂಗಡಿಗಳ ಹಿಂದೆ ಅವನದೊಂದು ಕೋಣೆ. ಇನ್ನೊಬ್ಬ ಪೇಂಟರ್ ಮೈನುದ್ದೀನ. ಲಾರಿ, ಟಾಂಗಾಗಳ ಮೇಲೆ ಹೆಸರು ಬರೆದು, ಸುತ್ತಲೂ ಕಮಲ, ಗಿಳಿ ತೆಗೆಯುತ್ತಿದ್ದ. ಯಾವ ಗಾಡಿ ಕೊಟ್ಟರೂ ಅವೇ ಗಿಳಿಗಳು. "ಹುಲಿ ತಗಿಯೋ ಮೈನೂ," ಎಂದರೆ ಹುಲಿ ತೆಗೆದು ಅದರ ಬೆನ್ನ ಮೇಲೊಂದು ಗಿಳಿ ಕೂರಿಸುತ್ತಿದ್ದ. ಅಪ್ಪನ ಲಾರಿಗೂ ಅವನೇ ಬಣ್ಣ ಹಚ್ಚಿದ್ದು. ಅವನಿಗೆ ಸ್ವಂತ ಕೋಣೆ ಇರಲಿಲ್ಲ, ಅಣ್ಣನ ಕೋಣೆಯ ಅರ್ಧ ಭಾಗದಲ್ಲಿ ಡಬ್ಬಿ ಇಟ್ಟುಕೊಂಡಿದ್ದ. ಒಂದು ಕಡೆ ಯಂತ್ರದ ಎಣ್ಣೆಯ ವಾಸನೆ, ಇನ್ನೊಂದು ಕಡೆ ಟರ್ಪೆಂಟೈನಿನ ವಾಸನೆ. ನಾನು ಆಗಷ್ಟೇ ಹೊಲಿಗೆಯ ತರಬೇತಿ ಮುಗಿಸಿ ನೌಕರಿಯ ದಾರಿ ಕಾಯುತ್ತಿದ್ದೆ. ಅಣ್ಣನಿಗೆ ಬುತ್ತಿ ಒಯ್ಯುವ ನೆಪದಲ್ಲಿ ಅಲ್ಲಿಯೇ ಇರುತ್ತಿದ್ದೆ. ಮನೆಯಲ್ಲಿ ಅಪ್ಪನ ಮೌನದ ಎದುರು ಕೂರುವುದಕ್ಕಿಂತ ಟರ್ಪೆಂಟೈನು ಎಷ್ಟೋ ಹಿತವಾಗಿತ್ತು.

ಗುಮ್ಮಟ ನೋಡಲು ದೇಶ ದೇಶದವರು ಬರುತ್ತಾರೆ. ಮೇಲೆ ಹತ್ತಿ ಕೂಗುತ್ತಾರೆ, ಪ್ರತಿಧ್ವನಿ ಎಣಿಸಿ ಖುಷಿಪಟ್ಟು ಕೆಳಗಿಳಿದು ಚಹಾ ಕುಡಿದು ಹೋಗುತ್ತಾರೆ. ಹಾಗೆ ಬಂದವನು ಒಬ್ಬ ಜಪಾನಿ. ಅವನು ಮಾತ್ರ ಹೋಗಲಿಲ್ಲ. ಗುಮ್ಮಟದ ಚಿತ್ರ ಬರೆಯುತ್ತ ಕೆಲವು ದಿನ ಉಳಿದ. ಬಿಸಿಲು ಹೆಚ್ಚಾದಾಗ ಅಣ್ಣನ ಕೋಣೆಯ ನೆರಳಿಗೆ ಬಂದು ಕೂರುತ್ತಿದ್ದ. ಅವನ ಭಾಷೆ ನಮಗೆ ಬರದು, ನಮ್ಮದು ಅವನಿಗೆ ಬರದು. ಮೈನುದ್ದೀನ ಮಾತ್ರ ಅವನೊಡನೆ ದಖನಿ ಉರ್ದುವಿನಲ್ಲಿ ಸಂಸಾರದ ಕಷ್ಟಸುಖವೆಲ್ಲ ಮಾತಾಡುತ್ತಿದ್ದ. ಆತನೂ ತಲೆಯಾಡಿಸುತ್ತಿದ್ದ. ಇಬ್ಬರಿಗೂ ಸಮಾಧಾನವಾದಂತೆ ಕಾಣುತ್ತಿತ್ತು.

ಒಂದು ದಿನ ಆತ ಚೀಲದಿಂದ ಮಡಿಚಿದ ಬಣ್ಣದ ಕಾಗದವೊಂದನ್ನು ತೆಗೆದು ತೋರಿಸಿದ. ಅದರಲ್ಲಿ ಒಂದು ಪೆಟ್ಟಿಗೆ, ಚಕ್ರ ಹಿಡಿದು ಕುಳಿತ ಹುಡುಗ. ಒಳಗೆ ಏನಿದೆ ಎಂದು ಅಣ್ಣ ಕೈಸನ್ನೆಯಲ್ಲಿ ಕೇಳಿದ. ಆತ ಎದ್ದು ಹೊಲಿಗೆ ಯಂತ್ರದ ಬಳಿ ಕುಕ್ಕರಗಾಲಿನಲ್ಲಿ ಕುಳಿತು, ದೊಡ್ಡ ಗಾಲಿಗೆ ಉದ್ದನೆಯ ಕಾಗದದ ಪಟ್ಟಿ ಸುತ್ತಿ, ಅದರ ಮೇಲೆ ಪೆನ್ಸಿಲಿನಿಂದ ರಸ್ತೆಯೊಂದನ್ನು ಗೀಚಿ, ಅಣ್ಣನಿಗೆ ಪೆಡಲು ತುಳಿಯುವಂತೆ ಸನ್ನೆ ಮಾಡಿದ. ರಸ್ತೆ ಓಡತೊಡಗಿತು. ಆತ ಒಂದು ಬೆಂಕಿಪೊಟ್ಟಣವನ್ನು ಹಿಡಿದು ಆ ರಸ್ತೆಯ ಮೇಲೆ ಆಚೀಚೆ ಸರಿಸಿದ. ಬೆಂಕಿಪೊಟ್ಟಣ ನಿಂತಲ್ಲೇ ಇದ್ದರೂ ಓಡುತ್ತಿದ್ದಂತೆ ಕಂಡಿತು. ಅಣ್ಣ, ಮೈನುದ್ದೀನ ಒಬ್ಬರ ಮುಖ ಒಬ್ಬರು ನೋಡಿದರು. ಮಾರನೆಯ ದಿನ ಆತ ಹೊರಟುಹೋದ. ಸೃಷ್ಟಿ ತೋರಿಸಿದ ಫೋಟೋದಲ್ಲಿರುವ ಇಬ್ಬರಲ್ಲಿ ಒಬ್ಬ ಅವನೇ ಎಂದು ಹೇಳಿಬಿಡಲು ನನಗೆ ತುಂಬ ಆಸೆ. ಆದರೆ ಆ ಮುಖ ನನಗೆ ನೆನಪಿಲ್ಲ. ನೆನಪಿರುವುದು ಹಾಲು ಹಾಕಿದ ಚಹಾ ಕುಡಿದಾಗ ಅವನು ಮಾಡುತ್ತಿದ್ದ ಮುಸುಡಿ ಮಾತ್ರ.

ಆಮೇಲೆ ನಮ್ಮ ಕಂಪನಿ ಶುರುವಾಯಿತು. ಒರಟು ಬಿಳಿಯ ಬಟ್ಟೆಯ ಥಾನು ತಂದರು. ಮೈನುದ್ದೀನ ಅದರ ಮೇಲೆ ಎಣ್ಣೆಬಣ್ಣದಲ್ಲಿ ರಸ್ತೆ ಬರೆದ. ಯಾವ ರಸ್ತೆ? ಪಟ್ಟಿಯ ಎರಡು ತುದಿ ಕೂಡಿಸಿ ಸುತ್ತು ಮಾಡಬೇಕು, ಆದ್ದರಿಂದ ಹೊರಟಲ್ಲಿಗೇ ಬಂದು ಮುಟ್ಟುವ ರಸ್ತೆ ಬೇಕು. ಅವನಿಗೆ ಗೊತ್ತಿದ್ದದ್ದು ಒಂದೇ. ವಿಜಾಪೂರ, ತಿಕೋಟಾ, ಬಬಲೇಶ್ವರ, ಮತ್ತೆ ವಿಜಾಪೂರ. ಗುಮ್ಮಟ ಬರೆದ, ಅಂಗಡಿ ಬರೆದ, ನೀಲಿ ಬಣ್ಣ ಉಳಿಯಿತೆಂದು ಭೂತನಾಳದ ಕೆರೆಯನ್ನು ಸಮುದ್ರದಷ್ಟು ಮಾಡಿದ. ಎರಡು ತುದಿಗಳನ್ನು ಕೂಡಿಸಿ ಹೊಲಿಯುವ ಕೆಲಸ ನನ್ನದಾಯಿತು. ತರಬೇತಿಯಲ್ಲಿ ಮೊದಲ ದರ್ಜೆ ಪಡೆದವಳೆಂಬ ಗತ್ತಿನಲ್ಲಿ ಹೊಲಿದೆ. ಬಣ್ಣ ಕುಡಿದ ಬಟ್ಟೆ ಬಿರುಸಾಗಿ ಹೊಲಿಗೆ ದಪ್ಪಗೆ ಉಬ್ಬಿ ನಿಂತಿತು. ರಸ್ತೆ ಒಂದು ಸುತ್ತು ತಿರುಗಿದಾಗಲೆಲ್ಲ ದಡ್ ಎಂದು ಸದ್ದು. ಮೈನುದ್ದೀನ ಮರುಮಾತಾಡದೆ ಅಲ್ಲಿ ಒಂದು ಹಳ್ಳ, ಹಳ್ಳದ ಮೇಲೆ ಸೇತುವೆ ಬರೆದ. "ಈಗ ದಡ್ ಅಂದ್ರ ಸರಿ ಆತ ನೋಡವ್ವಾ," ಎಂದ. ನನ್ನ ಕೆಟ್ಟ ಹೊಲಿಗೆ ಹೀಗೆ ಸೇತುವೆಯಾಗಿ ಬದುಕಿಕೊಂಡಿತು.

ಪೆಟ್ಟಿಗೆಯ ಮುಂದೆ ಒಂದು ಬೆಂಚು, ಗುಜರಿಯಿಂದ ತಂದ ಸ್ಟೇರಿಂಗ್ ಚಕ್ರ. ಚಕ್ರ ತಿರುಗಿಸಿದರೆ ಬಟ್ಟೆಯ ಮೇಲಿನ ತಗಡಿನ ಲಾರಿ ಆಚೀಚೆ ಸರಿಯುತ್ತಿತ್ತು. ರಸ್ತೆಯ ಎರಡೂ ಅಂಚಿಗೆ ತೆಳುವಾದ ತಾಮ್ರದ ತಂತಿ ಹೊಲಿದಿದ್ದೆ. ಲಾರಿ ತಂತಿಗೆ ತಾಗಿದರೆ ಬ್ಯಾಟರಿಗೆ ಜೋಡಿಸಿದ ಗಂಟೆ ಬಾರಿಸುತ್ತಿತ್ತು, ಆಡುವವನು ಸೋತಂತೆ. ಮೋಟರು ಇರಲಿಲ್ಲ. ಪೆಟ್ಟಿಗೆಯ ಹಿಂದೆ ಹೊಲಿಗೆ ಯಂತ್ರದ ಪೆಡಲು ತುಳಿಯುತ್ತ ಅಣ್ಣ ಕುಳಿತಿರುತ್ತಿದ್ದ. ಮುಂದೆ ಕುಳಿತವನಿಗೆ ಅಣ್ಣ ಕಾಣುತ್ತಿರಲಿಲ್ಲ, ಅಣ್ಣನಿಗೆ ಅವನು ಕಾಣುತ್ತಿರಲಿಲ್ಲ. ಅಣ್ಣನ ಹೊಟ್ಟೆ ತುಂಬಿದ್ದರೆ ರಸ್ತೆ ನಿಧಾನ, ಹಸಿವಾದರೆ ಜೋರು.

ಎಲ್ಲ ಮುಗಿದ ಮೇಲೆ ಒಂದು ದಿನ ಅಣ್ಣ ಬಟ್ಟೆಯನ್ನು ನಿಧಾನವಾಗಿ ತಿರುಗಿಸಿ ನೋಡುತ್ತಿದ್ದವನು ತಟ್ಟನೆ ನಿಂತ. ತಿಕೋಟಾ ದಾಟಿದ ಮೇಲೆ, ಒಂದು ತಿರುವಿನಲ್ಲಿ, ಆಲದ ಮರ.

"ಇದ್ಯಾಕ ಬರದಿಯೋ ಮೈನೂ?"

"ಅಲ್ಲೆ ಗಿಡ ಐತಲ್ಲೋ, ಬರದೆ. ನೆರಳಿಗೆ ಮಕ್ಕೊಂಡೇನಿ ಅದರ ಕೆಳಗ," ಎಂದ ಮೈನುದ್ದೀನ. ಮರದ ತುಂಬ ಗಿಳಿಗಳು. ಅಪಘಾತದ ಸಂಗತಿ ಅವನಿಗೆ ಗೊತ್ತಿತ್ತು, ಜಾಗ ಗೊತ್ತಿರಲಿಲ್ಲ. ಅಣ್ಣ ಹೇಳಿದ. ಮೈನುದ್ದೀನ ಕುಂಚ ಕೆಳಗಿಟ್ಟು ತಲೆ ಹಿಡಿದುಕೊಂಡು ಕುಳಿತ. ಎಣ್ಣೆಬಣ್ಣ ಒರೆಸಿದರೆ ಹೋಗುವಂಥದ್ದಲ್ಲ. ಅಪ್ಪ ಇಲ್ಲಿಗೆಲ್ಲಿ ಬರುತ್ತಾನೆ, ಕಟ್ಟೆ ಬಿಟ್ಟು ಏಳುವವನಲ್ಲ ಎಂದು ಇಬ್ಬರೂ ಸಮಾಧಾನ ಮಾಡಿಕೊಂಡರು.

ಆಟ ಶುರುವಾಯಿತು, ಗುಮ್ಮಟಕ್ಕೆ ಬಂದವರು ಇತ್ತಲೂ ಇಣುಕತೊಡಗಿದರು. ಒಂದು ದಿನ ಗಡಿಬಿಡಿಯಲ್ಲಿ ನಾನು ಬುತ್ತಿ ಮರೆತು ಬಂದಿದ್ದೆ. ಅವ್ವ ಅಪ್ಪನ ಕೈಗೆ ಬುತ್ತಿ ಕೊಟ್ಟು ಕಳಿಸಿದಳು. ಅಪ್ಪ ಅಷ್ಟು ದೂರ ನಡೆದು ಬಂದದ್ದೇ ಒಂದು ಪವಾಡ. ನಾನು ಮೂಲೆಯಲ್ಲಿ ಬಿಚ್ಚಿದ ತಂತಿಯೊಂದನ್ನು ಹೊಲಿಯುತ್ತ ಕುಳಿತಿದ್ದವಳು ತಲೆ ಎತ್ತಿದಾಗ, ಅಪ್ಪ ಬಾಗಿಲಲ್ಲಿ ನಿಂತು ಸ್ಟೇರಿಂಗ್ ಚಕ್ರವನ್ನು ನೋಡುತ್ತಿದ್ದ. ಮೈನುದ್ದೀನ ಬಾಯಿ ತೆರೆದವನು ಹಾಗೆಯೇ ನಿಂತ. ಅಪ್ಪ ಬುತ್ತಿ ಕೆಳಗಿಟ್ಟು ಬೆಂಚಿನ ಮೇಲೆ ಕುಳಿತ, ಚಕ್ರ ಹಿಡಿದ. ಗಿರಾಕಿ ಕುಳಿತರೆಂದು ಅಣ್ಣ ಹಿಂದಿನಿಂದ ಪೆಡಲು ತುಳಿದ.

ಗುಮ್ಮಟ ಹೋಯಿತು, ಕೆರೆ ಹೋಯಿತು, ತಿಕೋಟಾ ಹೋಯಿತು. ಗಂಟೆ ಒಮ್ಮೆಯೂ ಬಾರಿಸಲಿಲ್ಲ. "ಯಾರಪ್ಪಾ ಇಂವ, ಗಂಟಿನ ಬಾರಿಸವಲ್ಲ!" ಎಂದು ಅಣ್ಣ ಹಿಂದಿನಿಂದ ಕೂಗಿದ. ಆಗ ಮರ ಬಂತು. ಅಪ್ಪನ ಬಲಗಾಲು ನೆಲಕ್ಕೆ ಅಪ್ಪಳಿಸಿತು. ರಸ್ತೆ ನಿಲ್ಲಲಿಲ್ಲ. ಮತ್ತೆ ಒತ್ತಿದ, ಇಡೀ ಮೈಯ ಭಾರ ಹಾಕಿ ಒತ್ತಿದ. ತಗಡಿನ ಲಾರಿ ಮರವನ್ನು ದಾಟಿ ಹೋಯಿತು. ಅಪ್ಪ ಚಕ್ರ ಬಿಟ್ಟು ಎದ್ದ, ಲಾರಿ ತಂತಿಗೆ ತಾಗಿ ಗಂಟೆ ಬಾರಿಸತೊಡಗಿತು.

"ಬ್ರೇಕ್ ಎಲ್ಲೈತಿ?" ಎಂದ. ಅಪ್ಪನ ಬಾಯಿಂದ ಅಷ್ಟು ದೊಡ್ಡ ದನಿ ಕೇಳಿ ಎಷ್ಟು ಕಾಲವಾಗಿತ್ತೋ. "ಇದರ ಬ್ರೇಕ್ ಎಲ್ಲೈತ್ರೋ?"

ಅಣ್ಣ ಪೆಟ್ಟಿಗೆಯ ಹಿಂದಿನಿಂದ ಇಣುಕಿ ನೋಡಿ ಬಿಳಿಚಿಕೊಂಡ. ಅಪ್ಪ ಮೈಯೆಲ್ಲ ಬೆವೆತು ಹೊರಟುಹೋದ. ನಾವು ಮೂವರೂ ಊಟ ಮಾಡಲಿಲ್ಲ.

ಮಾರನೆಯ ದಿನ ಅಪ್ಪ ತಾನಾಗಿ ಬಂದ. ಕೈಯಲ್ಲಿ ಹಳೆಯ ಸೈಕಲ್ಲಿನ ಬ್ರೇಕಿನ ರಬ್ಬರು, ತಂತಿ.

"ಇದನ್ನ ಹಾಕ್ರಿ," ಎಂದ.

ಮೈನುದ್ದೀನ ಹಿಂಜರಿಯುತ್ತಲೇ ಹೇಳಿದ, "ಕಾಕಾ, ಸಿಟ್ಟಾಗಬ್ಯಾಡ್ರಿ. ಆ ಜಪಾನಿನವನ ಚಿತ್ರದಾಗ ಬ್ರೇಕ್ ಇರಲಿಲ್ಲರಿ. ಬೇಕಾದಲ್ಲೆ ನಿಲ್ಲಿಸಾಕ ಬಂದ್ರ ಯಾರೂ ಸೋಲೂದಿಲ್ಲ. ಸೋಲದಿದ್ರ ಅದು ಆಟ ಹೆಂಗಾದೀತು?"

"ಆಟ ಆಗಲಿ, ಬಿಡಲಿ. ಗಾಲಿ ತಿರಗತೈತಿ ಅಂದ್ರ ಬ್ರೇಕ್ ಇರಬೇಕು," ಎಂದ ಅಪ್ಪ. "ಮಕ್ಕಳ ಕೈಯಾಗ ಕೊಡ್ತೀರಿ. ಬ್ರೇಕ್ ಇಲ್ಲದ ಗಾಡಿ ಕೊಡ್ತೀರೇನ?"

ಹಾಕಿದರು. ಅಪ್ಪ ತಾನೇ ನಿಂತು ಹಾಕಿಸಿದ. ಬೆಂಚಿನ ಕೆಳಗೆ ಒಂದು ಹಲಗೆ, ಅದನ್ನು ಒತ್ತಿದರೆ ತಂತಿ ಎಳೆದು ರಬ್ಬರು ಹಿಂದಿನ ಗಾಲಿಯನ್ನು ಹಿಡಿಯುತ್ತಿತ್ತು. ಅಣ್ಣ ಎಷ್ಟು ತುಳಿದರೂ ಪೆಡಲು ಮಿಸುಕುತ್ತಿರಲಿಲ್ಲ. ಅಂದಿನಿಂದ ಅಪ್ಪ ದಿನವೂ ಊಟದ ಹೊತ್ತಿಗೆ ಬರತೊಡಗಿದ. ಬಂದು ಕೂರುವುದು, ಊರಿನಿಂದ ಹೊರಡುವುದು, ಮರದ ಬಳಿ ನಿಲ್ಲಿಸುವುದು. ನಿಂತರೆ ಬೇಗ ಹೊರಡುತ್ತಿರಲಿಲ್ಲ. ಗಿಳಿಗಳನ್ನು ನೋಡುತ್ತಿದ್ದನೋ, ಗಿಳಿಗಳ ಕೆಳಗಿನ ಖಾಲಿ ನೆಲವನ್ನು ನೋಡುತ್ತಿದ್ದನೋ ತಿಳಿಯದು.

ಹಿಂದೆ ಅಣ್ಣ ಪೆಡಲಿನ ಮೇಲೆ ಕಾಲಿಟ್ಟು ಕಾಯುತ್ತಿದ್ದ. ಬ್ರೇಕು ಸಡಿಲವಾದದ್ದು ಅವನ ಪಾದಕ್ಕೇ ಮೊದಲು ತಿಳಿಯುತ್ತಿತ್ತು. "ಅಪ್ಪ ನನ್ನ ಕೂಡ ಮಾತಾಡಿದಂಗ ಆಗ್ತೈತಿ ಶಾಂತಾ," ಎಂದು ಒಮ್ಮೆ ನನಗೆ ಹೇಳಿದ. "ಮನ್ಯಾಗ ಎದುರು ಕುಂತರೂ ಅಂವ ಏನ ಅಂತಾನಂತ ತಿಳಿಯೂದಿಲ್ಲ. ಇಲ್ಲೆ ಕಾಲಿಗೆ ತಿಳೀತೈತಿ." ಆದರೆ ಅಪ್ಪ ಮರದಿಂದ ಮುಂದೆ ಹೋಗುತ್ತಿರಲಿಲ್ಲ. ಬ್ರೇಕು ಸಡಿಲ ಬಿಟ್ಟು, ಚಕ್ರ ಬಿಟ್ಟು, ಎದ್ದು ಮನೆಗೆ ಬಂದು ಮತ್ತೆ ಕಟ್ಟೆಯ ಮೇಲೆ ಕೂರುತ್ತಿದ್ದ. ಕಾಲು ಮತ್ತೆ ಗೋಣಿಚೀಲವನ್ನು ಒತ್ತುತ್ತಿತ್ತು. ಅವ್ವ ನನ್ನ ಮುಖ ನೋಡುತ್ತಿದ್ದಳು, ನಾನು ತಲೆ ಅಲ್ಲಾಡಿಸುತ್ತಿದ್ದೆ.

ಬ್ರೇಕು ಬಂದ ಮೇಲೆ ಆಟ ಕೆಟ್ಟಿತು, ಮೈನುದ್ದೀನ ಹೇಳಿದಂತೆಯೇ. ಯಾರೂ ಸೋಲುತ್ತಿರಲಿಲ್ಲ. ಆದರೆ ಬೇರೇನೋ ಆಯಿತು. ಜನ ತಮಗೆ ಬೇಕಾದಲ್ಲಿ ನಿಲ್ಲಿಸತೊಡಗಿದರು. ತಿಕೋಟಾದವರು ತಿಕೋಟಾದಲ್ಲಿ ನಿಲ್ಲಿಸಿ, ಇದು ನಮ್ಮ ಮಾವನ ಅಂಗಡಿ, ಆದರೆ ಬಾಗಿಲು ಈ ಕಡೆ ಅಲ್ಲ ಎಂದು ತಗಾದೆ ತೆಗೆಯುತ್ತಿದ್ದರು. ನಿಡೋಣಿಯ ಮುದುಕಿಯೊಬ್ಬಳು ಬಬಲೇಶ್ವರದಲ್ಲಿ ನಿಲ್ಲಿಸಿ, "ನಿಡೋಣಿ ಎಲ್ಲಿ? ನಮ್ಮೂರ ನಿಮಗ ಕಾಣಲಿಲ್ಲೇನ?" ಎಂದು ಜಗಳಕ್ಕೆ ಬಂದಳು. ಮೈನುದ್ದೀನ ರಸ್ತೆಯ ಬದಿಗೆ ಒಂದು ಬೇವಿನ ಮರ, ಅದರಾಚೆ ನಾಲ್ಕು ಮನೆ ಬರೆದು ಅವಳನ್ನು ಒಲಿಸಿದ. ಮರದಲ್ಲಿ ಗಿಳಿ ಇತ್ತೆಂದು ಬೇರೆ ಹೇಳಬೇಕಿಲ್ಲ. ಹೀಗೆ ಆ ಕಡೆಯ ಹಳ್ಳಿಗಳಲ್ಲೆಲ್ಲ ಸುದ್ದಿಯಾಯಿತು. ಗೋಳಗುಮ್ಮಟದ ಹತ್ತಿರ ಒಂದು ಪೆಟ್ಟಿಗೆ ಇದೆ, ಅದರೊಳಗೆ ನಮ್ಮ ದಾರಿ ಇದೆ ಎಂದು. ಸಂತೆಗೆ ಬಂದವರು, ದವಾಖಾನೆಗೆ ಬಂದವರು ತಮ್ಮ ದಾರಿಯನ್ನು ನೋಡಿ ಹೋಗುತ್ತಿದ್ದರು.

ಹಾಗೆ ಒಂದು ಮಧ್ಯಾಹ್ನ ಒಂದಿಷ್ಟು ಹೆಣ್ಣುಮಕ್ಕಳು ಬಂದರು. ಅಪ್ಪ ಬೆಂಚಿನ ಮೇಲೆ ಇದ್ದ. ಅವರಲ್ಲಿ ಒಬ್ಬಳು ಹಿಂದೆ ನಿಂತವಳು, ಅಪ್ಪನ ಮುಖವನ್ನೇ ನೋಡುತ್ತ ಮುಂದೆ ಬಂದಳು.

"ನೀವ ಅಲ್ಲರಿ?" ಎಂದಳು.

ಅಪ್ಪ ಎದ್ದು ನಿಂತ. ಕೈ ಜೋಡಿಸಿದ. ಅವಳು ಯಾರೆಂದು ಆಗ ನನಗೆ ತಿಳಿಯಿತು. ಆ ಹುಡುಗಿಯ ತಾಯಿ. ನನ್ನ ಕೈಯಲ್ಲಿದ್ದ ಸೂಜಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಅವಳು ಕೂಗುತ್ತಾಳೆ, ಶಾಪ ಹಾಕುತ್ತಾಳೆ, ಅಪ್ಪ ಇನ್ನು ಉಳಿಯುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು.

ಅವಳು ಬೆಂಚಿನ ಒಂದು ತುದಿಗೆ ಕುಳಿತಳು. ಸೆರಗು ಸರಿಮಾಡಿಕೊಂಡಳು. "ಕುಂಡ್ರಿ," ಎಂದಳು. "ನಮ್ಮೂರ ತನಕ ಬಿಟ್ಟ ಬರ್ರಿ."

ಅಪ್ಪ ಕುಳಿತ, ಚಕ್ರ ಹಿಡಿದ. ಅಂದು ಮೊದಲ ಬಾರಿಗೆ ಅಪ್ಪನ ಕೈಯಲ್ಲಿ ಗಂಟೆ ಬಾರಿಸಿತು. ಯಾರೂ ನಗಲಿಲ್ಲ. ತಿಕೋಟಾ ದಾಟಿತು, ಮರ ಬಂತು. ಅಪ್ಪ ಬ್ರೇಕು ಒತ್ತಿದ. ರಸ್ತೆ ನಿಂತಿತು. ಹೊರಗೆ ಗುಮ್ಮಟದ ಕಡೆಯಿಂದ ಯಾರೋ ಕೂಗಿದ ಸದ್ದು ಬರುತ್ತಿತ್ತು.

ಅವಳು ಮರವನ್ನು ನೋಡಿದಳು. ತುಂಬ ಹೊತ್ತು ನೋಡಿದಳು. "ಇಷ್ಟ ಗಿಳಿ ಇಲ್ಲರಿ ಅಲ್ಲೆ," ಎಂದಳು. ಆಮೇಲೆ ಹೇಳಿದಳು, "ಎಲ್ಲಾ ಡ್ರೈವರ್‌ಗೋಳು ಓಡಿ ಹೋಗ್ತಾರಂತ. ನೀವು ಓಡಲಿಲ್ಲ. ಜನ ಹೊಡೀತಾರಂತ ಗೊತ್ತಿದ್ದೂ ನಿಂತ್ರಿ. ನಾ ಬರೂತನಾ ನಮ್ಮ ನೀಲಾನ ತಲಿ ತೊಡಿಮ್ಯಾಲೆ ಇಟಗೊಂಡ ಬಿಸಲಾಗ ಕುಂತಿದ್ರಿ, ಮಾರಿಗೆ ನೆರಳ ಹಿಡಕೊಂಡ. ನಾ ಅದನ್ನ ಮರತಿಲ್ಲರಿ."

ಅಪ್ಪ ಚಕ್ರದ ಮೇಲೆ ಹಣೆಯಿಟ್ಟು ಅಳತೊಡಗಿದ. ಅಪಘಾತವಾದ ದಿನದಿಂದ ಅಂದಿನವರೆಗೆ ಅವನು ಅತ್ತಿರಲಿಲ್ಲ. ಕಾಲು ಮಾತ್ರ ಬ್ರೇಕಿನ ಮೇಲೆಯೇ ಇತ್ತು. ಅವಳೂ ಅತ್ತಳು. ಸಾಕಷ್ಟು ಹೊತ್ತಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಅಪ್ಪನ ಕಡೆ ತಿರುಗಿ ಹೇಳಿದಳು.

"ನಿಂತದ್ದ ಸಾಕ್ರಿ ಅಣ್ಣಾ. ಈಗ ಹೊಂಡ್ರಿ."

ಪೆಟ್ಟಿಗೆಯ ಹಿಂದೆ ಅಣ್ಣನ ಪಾದದ ಕೆಳಗೆ ಪೆಡಲು ಸಡಿಲವಾಯಿತು. ಅವನು ತುಳಿದ. ಮರ ಹಿಂದೆ ಸರಿಯಿತು. ಅವಳ ಊರು ಬಂತು, ಅವಳು ಕೈಯಿಂದ ತೋರಿಸಿದಳು, ಅಪ್ಪ ಅಲ್ಲಿ ಒಂದು ಕ್ಷಣ ನಿಲ್ಲಿಸಿ ಮತ್ತೆ ಹೊರಟ. ಬಬಲೇಶ್ವರ ಹೋಯಿತು, ನಿಡೋಣಿಯ ಬೇವು ಹೋಯಿತು. ಸೇತುವೆಯ ಮೇಲೆ ದಡ್ ಎಂದಿತು. ಅಪ್ಪ ಪೂರ್ತಿ ಒಂದು ಸುತ್ತು ಮುಗಿಸಿದ್ದು ಅದೇ ಮೊದಲು. ನನ್ನ ಹೊಲಿಗೆಯ ಸದ್ದು ಅವತ್ತು ನನ್ನ ಕಿವಿಗೆ ಹಿತವಾಗಿ ಕೇಳಿಸಿತು.

ಅಪ್ಪ ಅವರನ್ನು ಬಸ್ಸಿಗೆ ಹತ್ತಿಸಿ ಮನೆಗೆ ಬಂದ. ಕಟ್ಟೆಯ ಮೇಲೆ ಕೂರಲಿಲ್ಲ, ಒಳಗೆ ಬಂದು, "ಹಸಿವಾಗೇತಿ, ರೊಟ್ಟಿ ಬಡಿ," ಎಂದ. ಅವ್ವ ಹಿಟ್ಟು ಕಲಸುತ್ತ ಕಲಸುತ್ತ ಅತ್ತಳು. ಮರುದಿನ ಆ ಗೋಣಿಚೀಲವನ್ನು ಕೊಡವಿ, ಒಗೆದು, ಬಿಸಿಲಿಗೆ ಒಣಹಾಕಿದಳು. ಹತ್ತಿಯ ಸುಗ್ಗಿ ಬಂದಾಗ ಅಪ್ಪ ಸಾವಕಾರರ ಮನೆಗೆ ಹೋಗಿ ಕೀಲಿ ಕೇಳಿದ. ಮತ್ತೆ ಹಾಡು ಹೇಳಿದನೇ ಎಂದು ಸೃಷ್ಟಿ ಕೇಳಿದಳು. ಇಲ್ಲ, ಹಾಡು ಬರಲಿಲ್ಲ. ಎಲ್ಲವೂ ಮರಳಿ ಬರುವುದಿಲ್ಲ. ಆದರೆ ಓಡಿಸಿದ. ಪ್ರತಿ ಸಲ ಆ ಮರದ ಬಳಿ ಲಾರಿ ನಿಲ್ಲಿಸಿ, ಇಂಜಿನು ಬಂದ್ ಮಾಡಿ, ತುಸು ಹೊತ್ತು ಇದ್ದು ಹೊರಡುತ್ತಿದ್ದ. ಡ್ರೈವರಿಕೆ ಬಿಡುವವರೆಗೂ ಅದು ತಪ್ಪಲಿಲ್ಲ.

ನಮ್ಮ ಕಂಪನಿಯ ಚರಿತ್ರೆಯ ಉಳಿದ ಭಾಗ ಚಿಕ್ಕದು. ನನಗೆ ನೌಕರಿ ಸಿಕ್ಕಿತು, ಬಟ್ಟೆಯನ್ನು ರಿಪೇರಿ ಮಾಡುವವರಿಲ್ಲದೆ ಅದು ಸೇತುವೆಯ ಬಳಿಯೇ ಹರಿಯಿತು. ಅದಕ್ಕೆ ನಾನು ಅತ್ತದ್ದು ನಿಜ. ಅಣ್ಣ ಹೊಲಿಗೆ ಯಂತ್ರಗಳಿಗೆ ಮರಳಿದ, ಮೈನುದ್ದೀನ ಲಾರಿಗಳಿಗೆ ಮರಳಿದ. ರಸ್ತೆಯನ್ನು ಅವ್ವ ಮಳೆಗಾಲದಲ್ಲಿ ಕಟ್ಟಿಗೆಯ ಒಟ್ಟಿಲಿನ ಮೇಲೆ ಹೊದಿಸಿದಳು. ಎಣ್ಣೆಬಣ್ಣದ ಬಟ್ಟೆ, ನೀರು ಇಳಿಯುತ್ತಿರಲಿಲ್ಲ. ತಿಕೋಟಾ, ಬಬಲೇಶ್ವರ, ಗಿಳಿಗಳು ಎಲ್ಲ ಸೇರಿ ನಮ್ಮ ಕಟ್ಟಿಗೆಯನ್ನು ನೆನೆಯದಂತೆ ಕಾಯ್ದವು. ಈಗ ಅಪ್ಪ ಇಲ್ಲ, ಅವ್ವ ಇಲ್ಲ, ಅಣ್ಣ ಇಲ್ಲ, ಮೈನುದ್ದೀನನೂ ಇಲ್ಲ. ಜಪಾನಿನ ಆ ಇಬ್ಬರು ಇದ್ದಾರೋ ಇಲ್ಲವೋ ತಿಳಿಯದು. ಅವರ ಪಟ್ಟಿಯೂ ಯಾರದೋ ಕಟ್ಟಿಗೆಯನ್ನು ಕಾಯ್ದಿರಲಿ ಎಂದುಕೊಳ್ಳುತ್ತೇನೆ.

ಕತೆ ಮುಗಿದ ಮೇಲೆ ಸೃಷ್ಟಿ ಮೊಬೈಲು ಬದಿಗಿಟ್ಟಳು. ಎದ್ದು ಟಿವಿ ಹಚ್ಚಿ, ಆಟದ ಗುಂಡಿಗಳ ಹಿಡಿಕೆಯನ್ನು ನನ್ನ ಕೈಯಲ್ಲಿಟ್ಟಳು. "ಇದು ಅವರ ಕಡೀ ಆಟ ಆಯಿ. ನೀ ಒಮ್ಮೆ ಓಡಸು," ಎಂದು ಓಡಿಸುವ ಗುಂಡಿ, ನಿಲ್ಲಿಸುವ ಗುಂಡಿ ತೋರಿಸಿಕೊಟ್ಟಳು. ಇವರೂ ಕಡೆಗೆ ಬ್ರೇಕು ಇಟ್ಟಿದ್ದಾರಲ್ಲ ಎಂದು ಸಮಾಧಾನವಾಯಿತು. ಹೊರಟೆ. ಗೋಡೆಗೆ ಬಡಿದೆ, ಹುಲ್ಲಿಗೆ ನುಗ್ಗಿದೆ, ಹೇಗೋ ರಸ್ತೆಗೆ ಬಂದೆ. ಮುಂದೆ ಒಂದು ತಿರುವು, ತಿರುವಿನಲ್ಲಿ ಒಂದು ಮರ. ಯಾವ ದೇಶದ ಮರವೋ, ಗಿಳಿ ಒಂದೂ ಇರಲಿಲ್ಲ. ನಾನು ನಿಲ್ಲಿಸಿದೆ.

ಉಳಿದ ಕಾರುಗಳೆಲ್ಲ ಸುಂಯ್ ಎಂದು ದಾಟಿ ಹೋದವು. ನಾನು ಸೋಲುತ್ತಿದ್ದೆ. ಬೇರೆ ದಿನವಾಗಿದ್ದರೆ ಸೃಷ್ಟಿ ಕೂಗಾಡುತ್ತಿದ್ದಳು. ಅವತ್ತು ಸುಮ್ಮನೆ ನನ್ನ ಪಕ್ಕಕ್ಕೆ ಸರಿದು ಕುಳಿತಳು. ಇಬ್ಬರೂ ಆ ಮರವನ್ನು ನೋಡಿದೆವು. ಆಮೇಲೆ ಅವಳು ನನ್ನ ಮೊಣಕಾಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದಳು.

"ಆಯಿ, ಈಗ ಹೊಂಡು."

ನನ್ನ ಬಲಗಾಲು ನೆಲದಿಂದ ಎದ್ದಿತು.